ಸೊನ್ನೆ ಒಂದೇ, ಸದ್ದು ಐದು: ಮಾತಿನ ಧ್ವನಿಗಳನ್ನು ಗಮನಿಸುವುದು ಹೇಗೆ?

ಈ ಐದು ಪದಗಳನ್ನು ನಿಧಾನವಾಗಿ, ಜೋರಾಗಿ ಹೇಳಿ ನೋಡಿ: ಅಂಕ, ಅಂಚು, ಅಂಟು, ಅಂದ, ಅಂಬು. ಬರೆಯುವಾಗ ಐದಕ್ಕೂ ಅದೇ ಸೊನ್ನೆ. ಈಗ ಇನ್ನೊಂದು ಸಲ ಹೇಳಿ. ಆದರೆ ಈ ಸಲ ಸೊನ್ನೆ ಬಂದ ತಕ್ಷಣ ತಡೆದು ನಿಲ್ಲಿ. ನಾಲಿಗೆ ಎಲ್ಲಿದೆ?

‘ಅಂಕ’ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು, ಗಂಟಲಿನ ಹತ್ತಿರದ ಮೆತ್ತನೆಯ ಅಂಗುಳಕ್ಕೆ ಅಂಟಿಕೊಂಡಿದೆ. ‘ಅಂಚು’ ಅನ್ನುವಾಗ ನಾಲಿಗೆಯ ಮುಂಭಾಗದ ಹರವು ಗಟ್ಟಿ ಅಂಗುಳಕ್ಕೆ ಒತ್ತಿದೆ. ‘ಅಂಟು’ ಪದದಲ್ಲಿ ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಂಡು ಮೇಲಕ್ಕೆ ತಾಗಿದೆ. ‘ಅಂದ’ ಅನ್ನುವಾಗ ತುದಿ ಮೇಲಿನ ಹಲ್ಲುಗಳ ಹಿಂದೆ ಬಂದಿದೆ. ‘ಅಂಬು’ ಪದದಲ್ಲಂತೂ ನಾಲಿಗೆಗೆ ಕೆಲಸವೇ ಇಲ್ಲ, ತುಟಿ ಮುಚ್ಚಿದೆ ಅಷ್ಟೇ.

ಅಂದರೆ ನಾವು ಒಂದು ಗುರುತು ಬರೆದು ಐದು ಬೇರೆ ಬೇರೆ ಸದ್ದು ಹೊರಡಿಸುತ್ತಿದ್ದೇವೆ. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಓದು ಬರಹ ಬಾರದ ಅಜ್ಜಿಯೂ ಒಂದು ಸಲವೂ ತಪ್ಪದೆ ಮಾಡುತ್ತಾರೆ. ಬಾಯಿಗೆ ಗೊತ್ತಿರುವ, ಆದರೆ ನಮ್ಮ ಗಮನಕ್ಕೆ ಬಾರದ ಇಂಥ ಸಂಗತಿಗಳನ್ನು ಹುಡುಕಿ ತೆಗೆಯುವ ವಿದ್ಯೆಗೆ ಧ್ವನಿಶಾಸ್ತ್ರ ಎಂದು ಹೆಸರು. ಮಾತಿನ ಸದ್ದು ಬಾಯಲ್ಲಿ ಹೇಗೆ ಹುಟ್ಟುತ್ತದೆ, ಗಾಳಿಯಲ್ಲಿ ಯಾವ ರೂಪದಲ್ಲಿ ಸಾಗುತ್ತದೆ, ಕಿವಿಗೆ ಬಿದ್ದ ಮೇಲೆ ಮಿದುಳು ಅದನ್ನು ಏನೆಂದು ತಿಳಿಯುತ್ತದೆ ಎಂಬ ಮೂರನ್ನೂ ಅದು ನೋಡುತ್ತದೆ. ಇದನ್ನು ಕಲಿಯಲು ಮೊದಲು ಬೇಕಾದ್ದು ಒಂದೇ: ಅಕ್ಷರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬಾಯಿಯ ಕಡೆ ಗಮನ ಕೊಡುವುದು.

ಕೇಶಿರಾಜನ ಕಹಳೆ

13ನೇ ಶತಮಾನದಲ್ಲಿ ಕನ್ನಡದ ವ್ಯಾಕರಣ ಬರೆದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದ ಹುಟ್ಟುವ ಬಗೆಯನ್ನು ಹೇಳುತ್ತಾನೆ. ಜೀವಕ್ಕೆ ನುಡಿಯುವ ಇಷ್ಟ ಹುಟ್ಟಿದಾಗ, ಅನುಕೂಲವಾದ ಗಾಳಿಯಿಂದ, ಹೊಕ್ಕುಳ ಬುಡದಲ್ಲಿ, ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆ ಎನ್ನುತ್ತಾನೆ. ಮಾತಿಗೆ ಬೇಕಾದ ಗಾಳಿ ಬರುವುದು ಶ್ವಾಸಕೋಶದಿಂದ ಎಂದು ಇವತ್ತು ನಮಗೆ ಗೊತ್ತು. ಆದರೆ ಆ ಕಹಳೆಯ ಹೋಲಿಕೆ ಇದೆಯಲ್ಲ, ಅದಕ್ಕಿಂತ ಚೆನ್ನಾದದ್ದು ನನಗೆ ಇನ್ನೂ ಸಿಕ್ಕಿಲ್ಲ. ಕಹಳೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಊದುವವರ ತುಟಿ ಅದುರುತ್ತದೆ. ಆ ಅದುರಿಗೆ ಕೊಳವೆ ತನ್ನ ಆಕಾರಕ್ಕೆ ತಕ್ಕ ನಾದ ಕೊಡುತ್ತದೆ. ಮಾತಿನಲ್ಲೂ ಹಾಗೇ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ಅದುರುತ್ತವೆ. ಅವುಗಳ ಮೇಲಿರುವ ಗಂಟಲು, ಬಾಯಿ, ಮೂಗು ಸೇರಿ ಕೊಳವೆಯಾಗುತ್ತವೆ.

ಈ ಧ್ವನಿತಂತುಗಳು ಕೆಲಸ ಮಾಡುವುದನ್ನು ಬದುಕಿರುವ ಮನುಷ್ಯನಲ್ಲಿ ಕಣ್ಣಾರೆ ನೋಡುವ ದಾರಿ ತೋರಿಸಿದವರು ಒಬ್ಬ ಸಂಗೀತದ ಮೇಷ್ಟ್ರು. ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡುಗಾರಿಕೆಯ ಗುರು 1854ರಲ್ಲಿ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನ ಹಿಂದಕ್ಕೆ ಇಳಿಸಿದರು. ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳು ತೆರೆದು ಮುಚ್ಚುವುದನ್ನು ತಾನೇ ನೋಡಿದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಹೋಯಿತು.

ನಿಮಗೆ ಕನ್ನಡಿ ಬೇಕಾಗಿಲ್ಲ. ಎರಡು ಬೆರಳನ್ನು ಗಂಟಲಿನ ಮೇಲಿಟ್ಟು ‘ಸ್‌ಸ್‌ಸ್’ ಎಂದು ಎಳೆಯಿರಿ. ಏನೂ ಅದುರುವುದಿಲ್ಲ. ಈಗ ‘ಮ್‌ಮ್‌ಮ್’ ಎಂದು ಎಳೆಯಿರಿ. ಬೆರಳಿಗೆ ಜುಮ್ಮೆನ್ನುತ್ತದೆ. ದೊಡ್ಡ ಗಂಡಸರಲ್ಲಿ ಈ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 120 ಸಲ ಅದುರುತ್ತವೆ, ಹೆಂಗಸರಲ್ಲಿ ಸುಮಾರು 200 ಸಲ. ಮಕ್ಕಳಲ್ಲಿ ಇನ್ನೂ ಜಾಸ್ತಿ. ದನಿ ದಪ್ಪ, ತೆಳು ಅನ್ನುತ್ತೇವಲ್ಲ, ಅದರ ಮುಖ್ಯ ಕಾರಣ ಇದು. ತಂತು ಅದುರುವ ಧ್ವನಿಗಳಿಗೆ ಘೋಷ ಎಂದೂ ಅದುರದ ಧ್ವನಿಗಳಿಗೆ ಅಘೋಷ ಎಂದೂ ನಮ್ಮ ಹಳೆಯ ವ್ಯಾಕರಣಕಾರರು ಹೆಸರಿಟ್ಟರು. ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಜೋಡಿಗಳಲ್ಲಿ ನಾಲಿಗೆ ತುಟಿಗಳು ಮಾಡುವುದು ಒಂದೇ ಕೆಲಸ. ವ್ಯತ್ಯಾಸವೆಲ್ಲ ಗಂಟಲಿನದ್ದು.

ಇನ್ನು ಕೊಳವೆಯ ಕೆಲಸ. ಇದನ್ನು ತಿಳಿಯಲು ಸಂಗೀತ ಪಾಠಕ್ಕೆ ಹೋದವರಿಗೆ ಸುಲಭ. ಒಂದು ರಾಗವನ್ನು ಬರೀ ‘ಆ’ ಎಂದು ಎಳೆದು ಹಾಡುವಾಗ ಬಾಯಿ ಒಂದೇ ರೂಪದಲ್ಲಿ ನಿಂತಿರುತ್ತದೆ. ಸ್ವರ ಮೇಲೆ ಕೆಳಗೆ ಹೋಗುವುದು ಧ್ವನಿತಂತುಗಳಿಂದ. ಈಗ ಉಲ್ಟಾ ಮಾಡಿ. ಶ್ರುತಿ ಹಿಡಿದು ಷಡ್ಜದಲ್ಲೇ ನಿಂತು ಆ, ಈ, ಊ ಎನ್ನಿ. ತಂತುಗಳು ಒಂದೇ ವೇಗದಲ್ಲಿ ಅದುರುತ್ತಿವೆ, ಬದಲಾಗುತ್ತಿರುವುದು ಬಾಯಿ ಮಾತ್ರ. ಆದರೂ ಮೂರು ಬೇರೆ ಸ್ವರಾಕ್ಷರ ಕೇಳುತ್ತವೆ. ಅಷ್ಟೇ ಯಾಕೆ, ಪಿಸುಮಾತಿನಲ್ಲಿ ತಂತುಗಳು ಅದುರುವುದೇ ಇಲ್ಲ. ಆದರೂ ಪಿಸುಗುಟ್ಟಿದ ಆ, ಈ, ಊಗಳನ್ನು ಯಾರು ಬೇಕಾದರೂ ಗುರುತಿಸುತ್ತಾರೆ.

ಹೀಗೆ ಹುಟ್ಟುವ ನಾದವನ್ನೂ ಅದಕ್ಕೆ ಆಕಾರ ಕೊಡುವ ಕೊಳವೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು ಎಂಬ ಸಿದ್ಧಾಂತಕ್ಕೆ ಗಟ್ಟಿಯಾದ ಗಣಿತದ ರೂಪ ಕೊಟ್ಟವರು ಸ್ವೀಡನ್ನಿನ ಗುನ್ನಾರ್ ಫಾಂಟ್. ಅವರ ಮುಖ್ಯ ಪುಸ್ತಕ ಬಂದದ್ದು 1960ರಲ್ಲಿ. ದೊಡ್ಡ ಗಂಡಸಿನ ಧ್ವನಿತಂತುವಿನಿಂದ ತುಟಿಯವರೆಗೆ ಸುಮಾರು 17 ಸೆಂಟಿಮೀಟರ್ ಉದ್ದ. ಒಂದು ತುದಿ ಮುಚ್ಚಿದ ಅಷ್ಟು ಉದ್ದದ ಕೊಳವೆ ಸುಮಾರು 500, 1500, 2500 ಹರ್ಟ್ಜ್‌ನ ಆಸುಪಾಸಿನ ಸದ್ದನ್ನು ಎತ್ತಿ ಕೊಡುತ್ತದೆ (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕ). ಹೀಗೆ ಗಟ್ಟಿಯಾಗುವ ಪಟ್ಟಿಗಳಿಗೆ ಫಾರ್ಮೆಂಟ್ ಎನ್ನುತ್ತಾರೆ. ನಾಲಿಗೆ ಅಲ್ಲಾಡಿದರೆ ಪಟ್ಟಿಗಳೂ ಜಾಗ ಬದಲಿಸುತ್ತವೆ. ‘ಈ’ ಎನ್ನುವಾಗ ನಾಲಿಗೆ ಮುಂದೆ, ಮೇಲೆ ಇರುತ್ತದೆ. ಮೊದಲ ಪಟ್ಟಿ 300ಕ್ಕೆ ಇಳಿದು, ಎರಡನೆಯದು 2200ರಾಚೆ ಹತ್ತುತ್ತದೆ. ‘ಆ’ ಎಂದು ದವಡೆ ಬಿಟ್ಟಾಗ ಮೊದಲನೆಯದು 700ಕ್ಕೆ ಏರಿ, ಎರಡನೆಯದು 1100ರ ಹತ್ತಿರ ಬರುತ್ತದೆ. ‘ಊ’ ಎಂದು ತುಟಿ ದುಂಡಗೆ ಮಾಡಿದರೆ ಎರಡೂ ಕೆಳಗೆ. ಜನರಿಂದ ಜನರಿಗೆ ಅಂಕಿಗಳು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತವೆ, ಆದರೆ ಏರಿಳಿತದ ಕ್ರಮ ಇದೇ. ನಮ್ಮ ಕಿವಿ ಒಂದು ಸ್ವರವನ್ನು ಗುರುತಿಸುವುದು ಮುಖ್ಯವಾಗಿ ಮೊದಲ ಎರಡು ಪಟ್ಟಿಗಳಿಂದ.

ವ್ಯಂಜನಗಳಲ್ಲಿ ಕೊಳವೆಯನ್ನು ಎಲ್ಲೋ ಒಂದು ಕಡೆ ಪೂರ್ತಿ ಮುಚ್ಚುತ್ತೇವೆ, ಇಲ್ಲವೇ ಬಿಗಿ ಮಾಡುತ್ತೇವೆ. ಪೂರ್ತಿ ಮುಚ್ಚಿ ಬಿಟ್ಟರೆ ಕ, ಟ, ತ, ಪ. ಸಣ್ಣ ಕಂಡಿ ಬಿಟ್ಟು ಗಾಳಿ ಉಜ್ಜಿಕೊಂಡು ಹೋಗುವಂತೆ ಮಾಡಿದರೆ ಸ, ಶ. ನಡುವೆ ಮುಚ್ಚಿ ಪಕ್ಕದಿಂದ ಬಿಟ್ಟರೆ ಲ, ಳ. ಬಾಯಿ ಮುಚ್ಚಿ ಮೂಗಿನ ಬಾಗಿಲು ತೆರೆದರೆ ಮ, ನ, ಣ. ನೆಗಡಿಯಾಗಿ ಮೂಗು ಕಟ್ಟಿದಾಗ ‘ಅಮ್ಮ’ ಎಂದರೆ ‘ಅಬ್ಬ’ ಎಂದು ಕೇಳುವುದು ಇದಕ್ಕೇ. ತುಟಿ, ಗಂಟಲು ಎರಡೂ ತಮ್ಮ ಕೆಲಸ ಸರಿಯಾಗಿ ಮಾಡಿವೆ, ಮೂಗಿನ ದಾರಿ ಮಾತ್ರ ಮುಚ್ಚಿದೆ.

ಒಳಗಿನಿಂದ ಹೊರಗೆ

ಕ, ಚ, ಟ, ತ, ಪ. ವರ್ಗೀಯ ವ್ಯಂಜನಗಳ ಈ ಐದು ಸಾಲುಗಳು ಬಾಯಿಯ ಒಳಗಿನಿಂದ ಹೊರಕ್ಕೆ ನಡೆದು ಬರುತ್ತವೆ. ಗಂಟಲ ಹತ್ತಿರದಿಂದ ಶುರುವಾಗಿ ತುಟಿಯಲ್ಲಿ ಮುಗಿಯುತ್ತವೆ. ಪ್ರತಿ ಸಾಲಿನೊಳಗೂ ಕ್ರಮವಿದೆ. ಅಘೋಷ, ಅದರ ಮಹಾಪ್ರಾಣ, ಘೋಷ, ಅದರ ಮಹಾಪ್ರಾಣ, ಕೊನೆಗೆ ಅನುನಾಸಿಕ. 25 ಅಕ್ಷರಗಳ ಈ ಪಟ್ಟಿಯನ್ನು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡುತ್ತೇವೆ, ಅದರೊಳಗೆ ಇಂಥ ವಿಜ್ಞಾನ ಇದೆ ಎಂದು ಬಹಳ ಜನರಿಗೆ ಕೊನೆಯವರೆಗೂ ಗೊತ್ತಾಗುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಮಗುವಿಗೆ ವರ್ಣಮಾಲೆ ಕಲಿಸುವಾಗಲೇ ನಾಲಿಗೆ ಎಲ್ಲಿ ಮುಟ್ಟುತ್ತದೆ ನೋಡು ಎಂದು ಒಂದು ಮಾತು ಹೇಳಿದರೆ ಸಾಕು.

ವೇದಗಳ ಉಚ್ಚಾರ ಕೆಡಬಾರದು ಎಂಬ ಕಾಳಜಿಯಿಂದ ಶಿಕ್ಷಾ, ಪ್ರಾತಿಶಾಖ್ಯ ಗ್ರಂಥಗಳನ್ನು ಬರೆದವರು ಈ ಕ್ರಮವನ್ನು ರೂಪಿಸಿದರು. ಯುರೋಪಿನವರಿಗೆ ಘೋಷ, ಅಘೋಷದ ವ್ಯತ್ಯಾಸ ಗಂಟಲಿನಲ್ಲಿದೆ ಎಂಬುದು ಸರಿಯಾಗಿ ಹೊಳೆದದ್ದು 19ನೇ ಶತಮಾನದಲ್ಲಿ, ಈ ಗ್ರಂಥಗಳು ಅವರ ಕೈಗೆ ಸಿಕ್ಕ ಮೇಲೆ. ಭಾರತದ ಈ ವಿದ್ವಾಂಸರು ಇಲ್ಲದಿದ್ದರೆ 19ನೇ ಶತಮಾನದ ನಮ್ಮ ಧ್ವನಿಶಾಸ್ತ್ರವನ್ನು ಊಹಿಸುವುದೇ ಕಷ್ಟ ಎಂಬ ಅರ್ಥದ ಮಾತನ್ನು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ಥ್ ಬರೆದಿದ್ದಾರೆ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿ ಮತ್ತು ಇತರ ಭಾಷಾ ಶಿಕ್ಷಕರು ಸೇರಿ ಒಂದು ಸಂಘ ಕಟ್ಟಿದರು. ಜಗತ್ತಿನ ಯಾವ ಭಾಷೆಯ ಸದ್ದನ್ನಾದರೂ ಬರೆಯಬಹುದಾದ ಅಂತರರಾಷ್ಟ್ರೀಯ ಧ್ವನಿಲಿಪಿ ಆ ಸಂಘದ್ದು. ಒಂದು ಸದ್ದಿಗೆ ಒಂದೇ ಗುರುತು, ಒಂದು ಗುರುತಿಗೆ ಒಂದೇ ಸದ್ದು ಎಂಬುದು ಅದರ ನಿಯಮ. ಆ ಲಿಪಿಯಲ್ಲಿ ನಮ್ಮ ಅಂಕ, ಅಂಚು, ಅಂಟು, ಅಂದ, ಅಂಬುಗಳನ್ನು ಬರೆದರೆ ಐದಕ್ಕೂ ಬೇರೆ ಬೇರೆ ಗುರುತು ಬೀಳುತ್ತವೆ.

ಬೇರೆ ಸದ್ದು, ಆದರೂ ಒಂದೇ

ಹಾಗಾದರೆ ಕನ್ನಡದವರು ಆ ಐದಕ್ಕೂ ಒಂದೇ ಸೊನ್ನೆ ಬರೆದು ಹೇಗೆ ಸುಧಾರಿಸಿಕೊಂಡು ಹೋಗುತ್ತಾರೆ? ಧ್ವನಿಗಳ ಅಧ್ಯಯನದಲ್ಲಿ ಬಹಳ ಮುಖ್ಯವಾದ ವಿಚಾರ ಇಲ್ಲಿದೆ, ಸ್ವಲ್ಪ ನಿಂತು ನೋಡೋಣ.

ಅಣ್ಣ, ಅನ್ನ. ಇಲ್ಲಿ ಣ ಮತ್ತು ನ ಬದಲಾದರೆ ಅರ್ಥವೇ ಬದಲಾಗುತ್ತದೆ. ಹಲ್ಲಿ, ಹಳ್ಳಿ. ಹುಲಿ, ಹುಳಿ. ಕತೆ, ಕತ್ತೆ. ನಡು, ನಾಡು. ಒಂದೇ ಒಂದು ಸದ್ದಿನಲ್ಲಿ ವ್ಯತ್ಯಾಸವಿದ್ದು ಅರ್ಥ ಬೇರೆಯಾಗುವ ಇಂಥ ಜೋಡಿಗಳನ್ನು ಹುಡುಕುವುದು ಭಾಷಾವಿಜ್ಞಾನಿಗಳ ಮೊದಲ ಕೆಲಸ. ಹೀಗೆ ಅರ್ಥ ಬೇರೆ ಮಾಡಬಲ್ಲ ಧ್ವನಿಗೆ ‘ಧ್ವನಿಮಾ’ ಎನ್ನುತ್ತಾರೆ. ಆದರೆ ‘ಅಂಕ’ದ ಸೊನ್ನೆ ಇದೆಯಲ್ಲ, ಆ ಙ ಸದ್ದು ಕನ್ನಡದಲ್ಲಿ ಬರುವುದು ಸಾಮಾನ್ಯವಾಗಿ ಕ ವರ್ಗದ ಮುಂಚೆ. ಅದು ತಾನೇ ತಾನಾಗಿ ನಿಂತು ಎರಡು ಪದಗಳನ್ನು ಬೇರೆ ಮಾಡುವುದಿಲ್ಲ. ಮುಂದೆ ಯಾವ ವ್ಯಂಜನ ಬರುತ್ತದೆ ಎಂದು ಗೊತ್ತಿದ್ದರೆ ಸೊನ್ನೆಯ ಸದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಹುದು. ಬಾಯಿ ಮುಂದಿನ ಅಕ್ಷರಕ್ಕೆ ಮೊದಲೇ ಸಿದ್ಧವಾಗಿ ನಿಲ್ಲುತ್ತದೆ, ಅಷ್ಟೇ. ಹೀಗಾಗಿ ಒಂದೇ ಗುರುತು ಸಾಕು.

ಇಂಥದ್ದು ಸ್ವರಗಳಲ್ಲೂ ಇದೆ. ‘ಬೇಡ’ ಮತ್ತು ‘ಬೇಡಿ’ ಎರಡನ್ನೂ ಮಾತಾಡುವ ಹಾಗೆ, ಓದುವ ಹಾಗಲ್ಲ, ಹೇಳಿ ನೋಡಿ. ಬಹಳಷ್ಟು ಜನರ ಬಾಯಲ್ಲಿ ‘ಬೇಡ’ದ ಏಕಾರಕ್ಕೆ ದವಡೆ ಜಾಸ್ತಿ ತೆರೆಯುತ್ತದೆ. ‘ಬೇಡಿ’ಯಲ್ಲಿ ಮುಂದೆ ಇಕಾರ ಕಾಯುತ್ತಿರುವುದರಿಂದ ದವಡೆ ಅಷ್ಟು ಇಳಿಯುವುದಿಲ್ಲ. ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಎನ್ನುತ್ತೇವೆ. ಅರ್ಥಕ್ಕೆ ತೊಂದರೆ ಇಲ್ಲದ್ದರಿಂದ ನಮ್ಮ ಕಿವಿ ಇದನ್ನೆಲ್ಲ ಬಿಟ್ಟುಬಿಡುತ್ತದೆ.

ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಇಂಗ್ಲಿಷರು ‘ಪಿನ್’ ಎನ್ನುವಾಗ ಪಕಾರದ ಜೊತೆ ಉಸಿರು ಜೋರಾಗಿ ಹೊರಬರುತ್ತದೆ, ನಮ್ಮ ಮಹಾಪ್ರಾಣದ ಹಾಗೆ. ‘ಸ್ಪಿನ್’ ಎನ್ನುವಾಗ ಬರುವುದಿಲ್ಲ. ಬಾಯಿಯ ಮುಂದೆ ತೆಳು ಕಾಗದ ಹಿಡಿದರೆ ಮೊದಲನೆಯದಕ್ಕೆ ಹಾರುತ್ತದೆ, ಎರಡನೆಯದಕ್ಕೆ ಸುಮ್ನೆ ನಿಲ್ಲುತ್ತದೆ. ಆದರೆ ಅವರಿಗೆ ಎರಡೂ ಒಂದೇ ಅಕ್ಷರ, ವ್ಯತ್ಯಾಸವಿದೆ ಎಂದರೆ ಆಶ್ಚರ್ಯಪಡುತ್ತಾರೆ. ಅದೇ ರೀತಿ ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ನಮಗೆ ಎರಡೂ ವಕಾರ. ಅವರ ಟೇಬಲ್, ಡಾಕ್ಟರ್ ಪದಗಳ ಮೊದಲ ಸದ್ದಿಗೆ ನಾಲಿಗೆ ತಾಗುವುದು ಹಲ್ಲಿನ ಮೇಲಿನ ವಸಡಿಗೆ. ಅದು ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ, ನಡುವೆ ಇದೆ. ನಮ್ಮ ಕಿವಿ ಅದನ್ನು ಟಕಾರದ ಕಡೆ ತಳ್ಳಿತು, ನಾವು ಟೇಬಲ್ ಎಂದೆವು.

ನಮ್ಮ ಟಕಾರದ ಬಗ್ಗೆ ಇನ್ನೊಂದು ಮಾತು. ಪೀಟರ್ ಲ್ಯಾಡಿಫೋಗೆಡ್ ಮತ್ತು ಪೆರಿ ಭಾಸ್ಕರರಾವ್ 1983ರಲ್ಲಿ ಹಿಂದಿ, ತೆಲುಗು, ತಮಿಳು ಮಾತಾಡುವವರ ಟಕಾರವನ್ನು ಎಕ್ಸ್-ರೇಯಲ್ಲಿ ಹೋಲಿಸಿದರು. ತೆಲುಗು, ತಮಿಳಿನವರು ನಾಲಿಗೆಯನ್ನು ಎಷ್ಟು ಹಿಂದಕ್ಕೆ ಮಡಚುತ್ತಾರೆಂದರೆ ತುದಿಯ ಕೆಳಭಾಗ ಅಂಗುಳಕ್ಕೆ ತಾಗುತ್ತದೆ. ಹಿಂದಿಯವರದ್ದು ಅಷ್ಟು ಮಡಚುವುದಿಲ್ಲ. ಕನ್ನಡದ ‘ಹಳ್ಳಿ’, ‘ಕಟ್ಟೆ’ ಹೇಳಿ ನೋಡಿದರೆ ನಿಮ್ಮ ನಾಲಿಗೆ ಯಾರ ಕಡೆಗಿದೆ ಎಂದು ನೀವೇ ತಿಳಿಯಬಹುದು.

ಕಿವಿ ಹೀಗೆ ಪಕ್ಷ ವಹಿಸುವುದು ಹುಟ್ಟಿನಿಂದ ಬಂದದ್ದಲ್ಲ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ಟ ಮತ್ತು ತ ಕೇಳಿಸಿದರು. 1984ರಲ್ಲಿ ಪ್ರಕಟವಾದ ಅವರ ಫಲಿತಾಂಶ ಈಗ ಬಹಳ ಹೆಸರುವಾಸಿ. 6ರಿಂದ 8 ತಿಂಗಳ ಕೂಸುಗಳು ಎರಡರ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದವು. 10ರಿಂದ 12 ತಿಂಗಳಾಗುವ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಹಿಂದಿ ಮನೆಗಳ ಮಕ್ಕಳಲ್ಲಿ ಆ ಶಕ್ತಿ ಉಳಿದಿತ್ತು. ಮೊದಲ ಮಾತು ಆಡುವ ಮುಂಚೆಯೇ ಮಗು ತನ್ನ ಮನೆಮಾತಿಗೆ ಬೇಕಾದ ಸದ್ದುಗಳನ್ನು ಆರಿಸಿಕೊಳ್ಳುತ್ತಿರುತ್ತದೆ. ಎಳೆ ಕೂಸಿಗೆ ಏನು ಗೊತ್ತಾಗುತ್ತೆ ಅನ್ನುತ್ತೇವೆ ಅಲ್ವಾ? ಅದರ ಎದುರು ಕೂತು ಮಾತಾಡುತ್ತಿರಿ, ಅದು ಕೇಳಿಸಿಕೊಳ್ಳುತ್ತಿದೆ.

ಪುಲಿ, ಹುಲಿ, ಉಲಿ

ಪಂಪನ ಕಾಲದ ಕನ್ನಡದಲ್ಲಿ ಹುಲಿ ಇನ್ನೂ ಪುಲಿ. ಹಾಲು ಪಾಲ್, ಹೆಸರು ಪೆಸರ್, ಹೋಗು ಪೋಗು. ತಮಿಳು, ತೆಲುಗಿನಲ್ಲಿ ಇವತ್ತಿಗೂ ಪುಲಿಯೇ. ತುಳುವಿನಲ್ಲಿ ಪಿಲಿ, ಮಂಗಳೂರಿನ ಕಡೆ ಪಿಲಿವೇಷ ನೋಡಿದವರಿಗೆ ಗೊತ್ತು. ಕನ್ನಡದಲ್ಲಿ ಮಾತ್ರ ಪದದ ಮೊದಲಿನ ಪಕಾರ ನಿಧಾನವಾಗಿ ಹಕಾರವಾಯಿತು. ತುಟಿ ಪೂರ್ತಿ ಮುಚ್ಚುವುದನ್ನು ಬಿಟ್ಟು ಸಡಿಲವಾಯಿತು, ಕೊನೆಗೆ ಉಸಿರು ಮಾತ್ರ ಉಳಿಯಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದರ ಶಿಸ್ತು. ಒಂದೊಂದು ಪದ ಮನಸ್ಸಿಗೆ ಬಂದ ಹಾಗೆ ಬದಲಾಗಿಲ್ಲ. ಒತ್ತಕ್ಷರದ ಪಕಾರ ಹಾಗೇ ಉಳಿಯಿತು: ಅಪ್ಪ, ಉಪ್ಪು, ತುಪ್ಪ. ಅಲ್ಲಿ ತುಟಿ ಬಿಗಿಯಾಗಿ, ಹೆಚ್ಚು ಹೊತ್ತು ಮುಚ್ಚಿರುತ್ತದೆ, ಸಡಿಲವಾಗಲು ಎಡೆ ಇಲ್ಲ. ಸಂಸ್ಕೃತದಿಂದ ಮೊದಲೇ ಬಂದು ಕನ್ನಡದ್ದೇ ಆಗಿಹೋಗಿದ್ದ ಪದಗಳೂ ಬದಲಾದವು. ಪರ್ವ ಹಬ್ಬವಾಯಿತು, ಪಕ್ಷಿ ಹಕ್ಕಿಯಾಯಿತು. ಪುಸ್ತಕ, ಪತ್ರಗಳಂಥ ಪದಗಳು ಸಂಸ್ಕೃತದ ರೂಪದಲ್ಲೇ ಉಳಿದುಕೊಂಡವು.

ಈಗ ಹಕಾರದ ಕಡೆ ನೋಡಿ. ಹಾ, ಹೀ, ಹೂ ಎಂದು ಹೇಳಿ, ಪ್ರತಿ ಸಲವೂ ಹಕಾರದಲ್ಲೇ ನಿಲ್ಲಿ. ಬಾಯಿ ಆಗಲೇ ಮುಂದಿನ ಸ್ವರದ ಆಕಾರಕ್ಕೆ ಬಂದಿರುತ್ತದೆ. ಹಕಾರಕ್ಕೆ ಬಾಯಲ್ಲಿ ತನ್ನದೇ ಆದ ಜಾಗ ಇಲ್ಲ. ಮುಂದಿನ ಸ್ವರವನ್ನೇ ಉಸಿರಿನಲ್ಲಿ ಹೇಳಿದರೆ ಅದು ಹಕಾರ. ಇಷ್ಟು ಹಗುರವಾದ ಸದ್ದು ಸುಲಭವಾಗಿ ಜಾರಿಹೋಗುತ್ತದೆ. ಲ್ಯಾಟಿನ್ ಭಾಷೆಯ ಹಕಾರ ಅದರಿಂದ ಹುಟ್ಟಿದ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಶ್ ಯಾವುದರಲ್ಲೂ ಉಳಿಯಲಿಲ್ಲ. ಲಂಡನ್ನಿನ ಕೂಲಿಕಾರ ಬಡಾವಣೆಗಳ ಇಂಗ್ಲಿಷಿನಲ್ಲೂ ಅದು ಬಿದ್ದುಹೋಗುತ್ತದೆ.

ನಮ್ಮ ದಕ್ಷಿಣದ ಹಳ್ಳಿಗಳಲ್ಲಿ ‘ಆಲು ಕುಡಿ’, ‘ಓಗಿ ಬಾ’ ಎನ್ನುವವರ ಬಾಯಲ್ಲಿ ನಡೆದಿರುವುದೂ ಇದೇ. ಪಾಲ್ ಹಾಲಾಯಿತು, ಹಾಲು ಆಲಾಯಿತು. ಒಂದೇ ದಾರಿಯ ಮುಂದಿನ ಹೆಜ್ಜೆ. ಮೊದಲ ಹೆಜ್ಜೆ ಇಟ್ಟವರ ಮಾತನ್ನು ಶುದ್ಧ ಕನ್ನಡ ಎನ್ನುತ್ತೇವೆ, ಎರಡನೆಯ ಹೆಜ್ಜೆ ಇಟ್ಟವರಿಗೆ ನಾಲಿಗೆ ತಿರುಗುವುದಿಲ್ಲ ಎನ್ನುತ್ತೇವೆ. ಇದು ನ್ಯಾಯವಲ್ಲ. ಧಾರವಾಡದ ಕಡೆಯವರು ಮನೆಗೆ ‘ಮನಿ’ ಎನ್ನುವುದೂ, ಮಾತಿನಲ್ಲಿ ಧನ ಮತ್ತು ದನ ಒಂದೇ ಆಗುವುದೂ ಹೀಗೇ ಕ್ರಮವಿರುವ ಸಂಗತಿಗಳು. ಬರವಣಿಗೆಗೆ ಎಲ್ಲರೂ ಒಪ್ಪಿದ ಒಂದು ರೂಪ ಬೇಕು, ಶಾಲೆಯಲ್ಲಿ ಅದನ್ನು ಕಲಿಸಬೇಕು, ಸರಿ. ಆದರೆ ಮನೆಯ ಮಾತನ್ನು ಹೊತ್ತು ಬಂದ ಮಗುವನ್ನು ಎಲ್ಲರೆದುರು ನಗೆಪಾಟಲು ಮಾಡಿದರೆ ಅದು ಹೆದರಿ, ಹಕಾರ ಇಲ್ಲದ ಕಡೆಯೂ ಹಾಕಲು ಶುರು ಮಾಡುತ್ತದೆ. ‘ಆದರೆ’ ಹೋಗಿ ‘ಹಾದರೆ’ ಆಗುತ್ತದೆ. ಮತ್ತೆ ಅದಕ್ಕೂ ನಗುತ್ತಾರೆ. ಆ ಮಗುವಿನ ಕಿವಿಯಲ್ಲೂ ನಾಲಿಗೆಯಲ್ಲೂ ಯಾವ ಕುಂದೂ ಇರಲಿಲ್ಲ.

ಕಳೆದುಹೋದ ಸದ್ದುಗಳ ಮಾತು ಬಂದದ್ದರಿಂದ ೞಕಾರದ ಬಗ್ಗೆ ಹೇಳಲೇಬೇಕು. ಹಳಗನ್ನಡದಲ್ಲಿ ಳ ಅಲ್ಲದೆ ೞ ಎಂಬ ಇನ್ನೊಂದು ಅಕ್ಷರವಿತ್ತು. ತಮಿಳು, ಮಲಯಾಳಂನಲ್ಲಿ ಆ ಸದ್ದು ಈಗಲೂ ಜೀವಂತವಾಗಿದೆ. ಕೇರಳದ ಆಲಪ್ಪುೞ, ಕೋೞಿಕ್ಕೋಡ್ ಹೆಸರುಗಳನ್ನು ಅಲ್ಲಿನವರ ಬಾಯಲ್ಲಿ ಕೇಳಿ. ನಾಲಿಗೆಯ ತುದಿ ಹಿಂದಕ್ಕೆ ಮಡಚುತ್ತದೆ, ಆದರೆ ಎಲ್ಲೂ ಮುಟ್ಟುವುದಿಲ್ಲ. ನಮ್ಮ ಮಳೆ, ಕೋಳಿ, ಬಾಳೆ, ಏಳು ಎಲ್ಲವೂ ಹಿಂದೆ ೞಕಾರದವು. ಹುಳಿ ಮಾತ್ರ ಮೊದಲಿನಿಂದಲೂ ಳಕಾರದ್ದು. ತಮಿಳಿನವರು ಇವತ್ತಿಗೂ ಮೞೈ ಬೇರೆ, ಪುಳಿ ಬೇರೆ ಎಂದು ಉಚ್ಚರಿಸುತ್ತಾರೆ. ನಮ್ಮಲ್ಲಿ ಎರಡೂ ಸೇರಿಹೋದವು. ಹಳೆಯ ಕನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಇವತ್ತು ಎರಡಕ್ಕೂ ಒಂದೇ ಉಚ್ಚಾರ. ಇನ್ನೂ ಕೆಲವು ಪದಗಳಲ್ಲಿ, ವ್ಯಂಜನದ ಮುಂಚೆ ಬಂದಾಗ, ೞ ರಕಾರವಾಗಿ ಆಮೇಲೆ ಕರಗಿಹೋಯಿತು: ಕೞ್ತೆ, ಕರ್ತೆ, ಕತ್ತೆ.

ಕಣ್ಣಿಗೆ ಕಾಣುವ ಮಾತು

1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮಾತನ್ನು ಚಿತ್ರವಾಗಿ ಬಿಡಿಸುವ ಯಂತ್ರ ಮಾಡಿದರು. ಅದರ ಚಿತ್ರಕ್ಕೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಹರ್ಟ್ಜ್, ಸದ್ದು ಗಟ್ಟಿಯಿರುವ ಕಡೆ ಕಪ್ಪು. ಮೊದಲ ಸಲ ಅದನ್ನು ನೋಡಿದವರಿಗೆ ದೊಡ್ಡ ಆಶ್ಚರ್ಯ ಕಾದಿರುತ್ತದೆ. ಪದಗಳ ನಡುವೆ ಬಿಡುವೇ ಇರುವುದಿಲ್ಲ. ‘ಏನ್ಮಾಡ್ತಿದೀಯ’ ಎಂಬುದು ಒಂದೇ ಹರಿವು. ಬಿಡುವು ಕಾಣುವುದು ಪದದ ಒಳಗೆ. ‘ಕತ್ತೆ’ ಎಂದಾಗ ನಾಲಿಗೆ ಹಲ್ಲಿಗೆ ಒತ್ತಿ ನಿಂತಷ್ಟು ಹೊತ್ತು ಚಿತ್ರದಲ್ಲಿ ಖಾಲಿ ಜಾಗ. ‘ಕತೆ’ಯಲ್ಲಿ ಆ ಖಾಲಿ ಜಾಗ ಚಿಕ್ಕದು. ಈ ಎರಡು ಪದಗಳ ಮುಖ್ಯ ವ್ಯತ್ಯಾಸ ಆ ಮೌನದ ಉದ್ದ.

ಬ, ಪ, ಫ ಮೂರನ್ನೂ ಇಂಥ ಚಿತ್ರದಲ್ಲಿ ಅಳೆಯಬಹುದು. ಬಕಾರದಲ್ಲಿ ತುಟಿ ತೆರೆಯುವ ಮುಂಚೆಯೇ ಧ್ವನಿತಂತು ಅದುರಲು ಶುರುವಾಗಿರುತ್ತದೆ. ಪಕಾರದಲ್ಲಿ ತುಟಿ ತೆರೆದ ಕೂಡಲೇ ಶುರುವಾಗುತ್ತದೆ. ಮಹಾಪ್ರಾಣದಲ್ಲಿ ಉಸಿರು ಹೊರಹೋಗಿ, ಆಮೇಲೆ ಶುರುವಾಗುತ್ತದೆ. ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್ 1964ರಲ್ಲಿ 11 ಭಾಷೆಗಳಲ್ಲಿ ಈ ಸಮಯವನ್ನು ಅಳೆದರು. ವ್ಯತ್ಯಾಸ ಇರುವುದು ಸೆಕೆಂಡಿನ ನೂರನೇ ಒಂದು ಭಾಗಗಳ ಲೆಕ್ಕದಲ್ಲಿ. ಅಷ್ಟು ಸಣ್ಣ ಅವಧಿಯನ್ನು ನಮ್ಮ ಕಿವಿ ದಿನವಿಡೀ ಸಲೀಸಾಗಿ ಹಿಡಿಯುತ್ತಿದೆ. ಕಿವಿಯೊಂದೇ ಅಲ್ಲ, ಕಣ್ಣೂ ಕೇಳುತ್ತದೆ. ‘ಬಾ’ ಎಂಬ ಸದ್ದಿಗೆ ‘ಗಾ’ ಎನ್ನುತ್ತಿರುವ ಬಾಯಿಯ ವಿಡಿಯೋ ಜೋಡಿಸಿದರೆ ಬಹಳ ಜನರಿಗೆ ‘ದಾ’ ಎಂದು ಕೇಳುತ್ತದೆ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ತೋರಿಸಿದ್ದು ಇದು.

ಈ ವಿದ್ಯೆ ನಮ್ಮ ರಾಜ್ಯಕ್ಕೆ ದೂರದ್ದೇನಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ತಡವಾದ ಮಕ್ಕಳು, ಕಿವಿ ಕೇಳದವರು, ದನಿ ಕೆಟ್ಟವರು ಅಲ್ಲಿಗೆ ಬರುತ್ತಾರೆ. ಒಂದು ಮಗು ಕಾಗೆಗೆ ‘ತಾದೆ’ ಎಂದರೆ ಮನೆಯವರಿಗೆ ಮುದ್ದು ಮಾತು. ಚಿಕಿತ್ಸಕರಿಗೆ ಅಲ್ಲೊಂದು ನಿಯಮ ಕಾಣುತ್ತದೆ. ಕಕಾರ ತಕಾರವಾಗಿದೆ, ಗಕಾರ ದಕಾರವಾಗಿದೆ, ಅಂದರೆ ಹಿಂದೆ ಮುಟ್ಟಬೇಕಾದ ನಾಲಿಗೆ ಎರಡು ಸಲವೂ ಮುಂದೆ ಮುಟ್ಟಿದೆ. ಘೋಷ, ಅಘೋಷ ಎರಡೂ ಸರಿಯಾಗಿವೆ. ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಯಾವುದನ್ನು ಕಲಿಸಬೇಕು ಎಂಬುದು ಹೀಗೆ ಗೊತ್ತಾಗುತ್ತದೆ. ಮಾನಸಗಂಗೋತ್ರಿಯಲ್ಲೇ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವಿದೆ. ದೇಶದ ಅನೇಕ ಭಾಷೆಗಳ ಧ್ವನಿಗಳನ್ನು ದಾಖಲಿಸಿ ಅದು ಪುಸ್ತಕ ಹೊರತಂದಿದೆ. ಬರಹವೇ ಇಲ್ಲದ ಸಣ್ಣ ಭಾಷೆಗಳಿಗೆ ಲಿಪಿ ಹೊಂದಿಸಬೇಕಾದರೆ ಇದೇ ಮೊದಲ ಕೆಲಸ.

ಮನೆಯಲ್ಲೇ ನೋಡಬೇಕೆನಿಸಿದರೆ ‘ಪ್ರಾಟ್’ ಎಂಬ ಸಾಫ್ಟ್‌ವೇರ್ ಇದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಫ್ಯಾನ್ ಆರಿಸಿ, ಮೈಕನ್ನು ಹತ್ತಿರ ಇಟ್ಟುಕೊಂಡು ‘ಹಲ್ಲಿ’, ‘ಹಳ್ಳಿ’ ಎಂದು ರೆಕಾರ್ಡ್ ಮಾಡಿ ತೆರೆಯಿರಿ. ಮೊದಲ ಎರಡು ಫಾರ್ಮೆಂಟ್ ಪಟ್ಟಿಗಳನ್ನು ಬಿಟ್ಟು ಮೂರನೆಯದನ್ನು, 2500ರ ಆಸುಪಾಸಿನಲ್ಲಿರುವುದನ್ನು ನೋಡಿ. ‘ಹಲ್ಲಿ’ಯಲ್ಲಿ ಅದು ಹೆಚ್ಚು ಕಡಿಮೆ ನೆಟ್ಟಗೆ ಹೋಗುತ್ತದೆ. ‘ಹಳ್ಳಿ’ಯಲ್ಲಿ ಳಕಾರ ಬರುವ ಮುಂಚೆಯೇ, ಅಕಾರ ಇನ್ನೂ ಮುಗಿಯದಿರುವಾಗಲೇ, ಕೆಳಕ್ಕೆ ಬಾಗುತ್ತದೆ. ನಾಲಿಗೆ ಮಡಚಿದಾಗ ಅದರ ಕೆಳಗೆ ಒಂದು ಪುಟ್ಟ ಜಾಗ ಹುಟ್ಟುತ್ತದೆ, ಪಟ್ಟಿ ಇಳಿಯಲು ಅದೂ ಒಂದು ಕಾರಣ. ಮಲಯಾಳಂ ಬಲ್ಲ ಗೆಳೆಯರಿದ್ದರೆ ಅವರಿಂದ ‘ಮೞ’ ಎಂದು ಹೇಳಿಸಿ, ನಿಮ್ಮ ‘ಮಳೆ’ಯ ಪಕ್ಕದಲ್ಲಿಟ್ಟು ಅದೇ ಮೂರನೆಯ ಪಟ್ಟಿಯನ್ನು ಹೋಲಿಸಿ. ಆಮೇಲೆ ಪಟ್ಟಿಯನ್ನು ಬಿಟ್ಟು ಸದ್ದಿನ ಗಟ್ಟಿತನ ನೋಡಿ. ನಾಲಿಗೆ ಮುಟ್ಟಿದ ಕಡೆ ಚಿತ್ರ ಮಸುಕಾಗುತ್ತದೆ, ಮುಟ್ಟದೆ ಸುಳಿದುಹೋದ ಕಡೆ ಕಪ್ಪು ಹೆಚ್ಚು ಮುಂದುವರಿಯುತ್ತದೆ.